ವೀರನ ಮನೆಯ ಸೊಸೆ

ನಮ್ಮ ತವರಿನ ಹೊಲದ ಬದುವಿನಲ್ಲಿ ಒಂದು ವೀರಗಲ್ಲಿದೆ. ಎದೆಯೆತ್ತರದ ಕರಿಕಲ್ಲು. ಕೆಳಗಡೆ ಕತ್ತಿ ಗುರಾಣಿ ಹಿಡಿದ ಒಬ್ಬ ಆಳು, ಅವನ ಹಿಂದೆ ಸಾಲಾಗಿ ದನಗಳು. ನಡುವೆ ಇಬ್ಬರು ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ತುದಿಯಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿದ್ದಾನೆ. ಒಂದು ಬದಿಗೆ, ಕಂಬದೊಳಗಿಂದ ಹೊರಟಂತೆ, ಬಳೆ ತೊಟ್ಟ ಹೆಂಗಸಿನ ಕೈ. ಅವನ ಹೆಂಡತಿ ಅವನೊಂದಿಗೆ ಚಿತೆಯೇರಿದಳು ಎಂಬುದಕ್ಕೆ ಆ ಕೈಯೇ ಗುರುತು. ಅವಳಿಗೆ ಮುಖ ಕೆತ್ತಿಲ್ಲ.

ಊರು ಘಟಪ್ರಭೆಯ ದಂಡೆಯ ಮೇಲಿದೆ, ಮಸಗುಪ್ಪಿಯಿಂದ ದೂರವೇನಲ್ಲ. ನಮ್ಮ ಅಪ್ಪ ಹೇಳುತ್ತಿದ್ದ ಕಥೆ ಹೀಗೆ. ಹಿಂದಿನ ಕಾಲದಲ್ಲಿ ಶತ್ರುಗಳು ಊರ ದನಗಳನ್ನೆಲ್ಲ ಹೊಡೆದುಕೊಂಡು ಹೋದರು. ಗೌಡನ ಮನೆಯ ಜೋಳದ ರೊಟ್ಟಿ ಉಂಡವನು ಗೌಡನಿಗಾಗಿ ಸಾಯಬೇಕು ಎಂಬುದು ಆಗಿನ ನೇಮ. ಅದಕ್ಕೆ ಜೋಳವಾಳಿ ಎನ್ನುತ್ತಿದ್ದರು. ನಮ್ಮ ಮೂಲಪುರುಷ ಒಬ್ಬನೇ ಬೆನ್ನಟ್ಟಿ ಹೋಗಿ ದನಗಳನ್ನು ತಿರುಗಿಸಿದ, ತಾನು ತಿರುಗಿ ಬರಲಿಲ್ಲ. ಅವನ ನೆತ್ತರಿಗೆ ಬದಲಾಗಿ ಊರವರು ಕೊಟ್ಟ ನೆಲವೇ ನಮ್ಮ ಹೊಲ. ಇದರಲ್ಲಿ ಖರೆ ಎಷ್ಟು, ಕಥೆ ಎಷ್ಟು ಎಂದು ಇತಿಹಾಸ ಕಲಿಸುವ ನನಗೂ ಹೇಳಲು ಬರುವುದಿಲ್ಲ. ಊರವರು ಮಾತ್ರ ನಂಬಿದ್ದರು. ಊರಿನ ಯಾವ ಕಾರ್ಯದಲ್ಲೂ ಮೊದಲ ವೀಳ್ಯ ನಮ್ಮ ಮನೆಗೆ ಬರುತ್ತಿತ್ತು. ಜಗಳಗಳಲ್ಲಿ, ಬೆಂಕಿ ಬಿದ್ದಾಗ, ಹಾವು ಹೊಕ್ಕಾಗ ಕೂಡ ಮೊದಲ ಕೂಗು ನಮ್ಮ ಮನೆಗೇ.

ನನ್ನ ತಮ್ಮ ಆ ಕಲ್ಲಿನ ಆಳಿನಂತಿರಲಿಲ್ಲ. ಎಮ್ಮೆಗೆ ಸೂಜಿ ಚುಚ್ಚುವಾಗ ಮುಖ ತಿರುಗಿಸುತ್ತಿದ್ದ. ಸಿಟ್ಟು ಬಂದರೆ ಮಾತು ಬಿಟ್ಟು ಅರಿಸಿನದ ಹೊಲಕ್ಕೆ ಹೋಗಿ ಕೂರುತ್ತಿದ್ದ. ಈಜು ಮಾತ್ರ ಅವನಿಗೆ ನೀರು ಕುಡಿದಷ್ಟು ಸಲೀಸು. ಬೆಲ್ಲದ ಬಾಗೇವಾಡಿಯ ಹುಡುಗಿಯನ್ನು ತಂದು ಅವನಿಗೆ ಮದುವೆ ಮಾಡಿದ್ದೆವು. ಆಕೆ ತೆಳ್ಳಗಿನ, ಗಟ್ಟಿ ದನಿಯ ಹೆಣ್ಣುಮಗಳು. ಮೆಣಸಿನಕಾಯಿ ಸೋಸುತ್ತ ಇಬ್ಬರೂ ಕೂತರೆ ಪಡಸಾಲೆಯಲ್ಲಿ ನಗು ನಿಲ್ಲುತ್ತಿರಲಿಲ್ಲ. ಮಕ್ಕಳಿನ್ನೂ ಆಗಿರಲಿಲ್ಲ. ನಮ್ಮವ್ವ ಎಂದೋ ತೀರಿಹೋಗಿದ್ದಳು; ಮನೆಯಲ್ಲಿ ಇವರಿಬ್ಬರು, ಅಪ್ಪ, ಮತ್ತು ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ.

ಆ ವರ್ಷ ನಾಗರ ಪಂಚಮಿಗೆಂದು ನಾನು ಗೋಕಾಕದಿಂದ ತವರಿಗೆ ಬಂದಿದ್ದೆ. ತಮ್ಮನ ಹೆಂಡತಿಯೂ ಬಾಗೇವಾಡಿಗೆ ಹೊರಡಬೇಕಿತ್ತು, ಮಳೆಗೆ ಬಸ್ಸು ನಿಂತಿದ್ದರಿಂದ ಇಲ್ಲೇ ಉಳಿದಿದ್ದಳು. ಘಟ್ಟದಲ್ಲಿ ಮಳೆ ಬಿಡಲಿಲ್ಲ, ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಬೆಳಗಾಗುವಷ್ಟರಲ್ಲಿ ನದಿ ಕೆಳಗಿನ ಓಣಿಗೆ ಬಂದಿತ್ತು. ನಮ್ಮ ಬಾಜೂ ಮನೆಯ ಮುಸಲ್ಮಾನ ಕಾಕಾನ ಎಮ್ಮೆಗಳು ಹೊಳೆಯ ಕಡೆಯ ತಗಡಿನ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದಂತೆಯೇ ಇದ್ದವು. ಅವುಗಳ ಕೂಗು ದಂಡೆಯವರೆಗೆ ಕೇಳುತ್ತಿತ್ತು.

ಇಡೀ ಊರು ಅಲ್ಲಿ ನೆರೆದಿತ್ತು. ಕಾಕಾ ಮಂಡಿಯುದ್ದ ನೀರಿನಲ್ಲಿ ನಿಂತಿದ್ದ. ಗುಂಪಿನಿಂದ ಯಾರೋ ಕೂಗಿದರು:

“ವೀರನ ಮನಿಯಾಂವ ಇಲ್ಲೇ ನಿಂತಾನಲ್ಲ, ಮತ್ಯಾರನ್ನ ಹುಡುಕಾಕತ್ತೀರಿ?”

ಎಲ್ಲರೂ ನನ್ನ ತಮ್ಮನತ್ತ ನೋಡಿದರು. ಕಾಕಾ ತಿರುಗಿ ಅವನ ಎದೆಗೆ ಕೈ ಅಡ್ಡ ಇಟ್ಟ.

“ಬ್ಯಾಡೋ ತಮ್ಮಾ. ಎಮ್ಮಿ ಹೋದ್ರ ಹೋಗ್ಲಿ. ನೀರಿನ ಸೆಳವು ನೋಡು ಹೆಂಗೈತಿ.”

ತಮ್ಮ ಕಾಕಾನನ್ನು ನೋಡಲಿಲ್ಲ, ಹೆಂಡತಿಯನ್ನೂ ನೋಡಲಿಲ್ಲ. ಅಪ್ಪನ ಮುಖ ನೋಡಿದ. ಊರೂ ಅಪ್ಪನ ಮುಖವನ್ನೇ ನೋಡುತ್ತಿತ್ತು. ಅಪ್ಪ ತಲೆಯ ಮೇಲಿನ ಟವೆಲ್ ಸರಿಪಡಿಸಿಕೊಂಡು ಹೇಳಿದ:

“ಹೋಗಿ ಬಾ.”

ಅಷ್ಟೇ. ತಮ್ಮ ಅಂಗಿ ಕಳಚಿ ಹೆಂಡತಿಯ ಕೈಗೆ ಕೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಎಮ್ಮೆಗಳ ಹಗ್ಗ ಒಂದೊಂದೇ ಕೊಯ್ದ. ಒಂದೊಂದು ಎಮ್ಮೆ ದಂಡೆಗೆ ಬಂದಾಗಲೂ ಹುಡುಗರು ಸೀಟಿ ಹೊಡೆದರು, ಕೈಗಳೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದವು. ಕೊನೆಯದು ಗಬ್ಬದ ಎಮ್ಮೆ, ಮೂಲೆಯಲ್ಲಿತ್ತು, ಹೆದರಿ ಹೊರಗೆ ಬರಲೊಲ್ಲದು. ಅವನು ಅದರ ಕೊಂಬು ಹಿಡಿದು ಎಳೆಯುತ್ತಿದ್ದಾಗ ಬೇರುಸಮೇತ ಕಿತ್ತ ಒಂದು ಜಾಲಿಮರ ಕೊಟ್ಟಿಗೆಗೆ ಬಡಿಯಿತು. ತಗಡು ಮಡಚಿಕೊಂಡು ಕೆಳಗೆ ಕೂತಿತು. ಹಗ್ಗ ಎಳೆದವರ ಕೈಗೆ ಹಗ್ಗವಷ್ಟೇ ಬಂತು.

ಸೀಟಿ ಆಮೇಲೂ ಒಂದು ಗಳಿಗೆ ಕೇಳುತ್ತಿತ್ತು. ಹಿಂದೆ ನಿಂತವರಿಗೆ ಇನ್ನೂ ಗೊತ್ತಾಗಿರಲಿಲ್ಲ.

ನೀರು ಇಳಿದ ಮೇಲೆ ಕೆಳಗಿನ ಊರಿನ ಕಬ್ಬಿನಲ್ಲಿ ಸಿಕ್ಕ. ನಮ್ಮ ಪದ್ಧತಿಯಂತೆ ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು ಹೊಲದಲ್ಲೇ ಮಣ್ಣು ಮಾಡಿದೆವು. ಆ ಮಣ್ಣು ಇನ್ನೂ ಹಸಿಯಿತ್ತು, ಅಷ್ಟರಲ್ಲಾಗಲೇ ಜನ ಬರತೊಡಗಿದರು. ವಿಡಿಯೋ ಎಲ್ಲರ ಮೊಬೈಲಿಗೂ ಹೋಗಿತ್ತು. ಕಾರುಗಳು ಬಂದವು, ಹಾರಗಳು ಬಂದವು. ಮೂಡಲಗಿಯಲ್ಲಿ ರಸ್ತೆಗಳು ಕೂಡುವ ಕೂಟಿನಲ್ಲಿ ಅವನ ಫೋಟೋದ ದೊಡ್ಡ ಬ್ಯಾನರ್ ಕಟ್ಟಿದರು. ಅದರಲ್ಲಿ ಅವನ ಕೈಗೆ ಕತ್ತಿ ಕೊಟ್ಟಿದ್ದರು. ಬಂದವರೆಲ್ಲ ಅಪ್ಪನ ಪಾದ ಮುಟ್ಟುತ್ತಿದ್ದರು. ಅದುವರೆಗೂ ಮಾತು ಕಡಿಮೆಯ ರೈತನಾಗಿದ್ದ ಅಪ್ಪ ಟವೆಲ್ ಬಿಟ್ಟು ತಲೆಗೆ ರುಮಾಲಿನ ಪಟಗ ಸುತ್ತತೊಡಗಿದ. ತಮ್ಮ ನೀರಿಗಿಳಿದ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದ. ಹೇಳುವಾಗ ಪ್ರತಿ ಸಲವೂ ‘ಹೋಗಿ ಬಾ’ ಎಂಬ ಮಾತನ್ನು ಬಿಡುತ್ತಿದ್ದ. ತಮ್ಮ ತಾನೇ ಹಾರಿದ ಎನ್ನುತ್ತಿದ್ದ. ತಮ್ಮನ ಹೆಂಡತಿ ಒಳಗೆ ಕಂಬಕ್ಕೆ ಒರಗಿ ಕೇಳುತ್ತ ಕೂತಿರುತ್ತಿದ್ದಳು.

ಕಾಕಾ ಉಳಿದ ಎಮ್ಮೆಗಳನ್ನೆಲ್ಲ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿಬಿಟ್ಟ. “ಅವುಗಳ ಹಾಲು ಹೆಂಗ ಕುಡೀಲಿ?” ಎಂದ. ಅಪ್ಪನ ಮುಂದೆ ಕೂತು ಅತ್ತ. ಅಪ್ಪ ಅವನ ಬೆನ್ನು ತಟ್ಟಿ, “ಅಳಬ್ಯಾಡ, ನಮ್ಮ ಮನಿತನದ ಧರ್ಮ ಅದು” ಎಂದ. ಕಾಕಾ ಕಣ್ಣೊರೆಸಿಕೊಂಡು ಅಪ್ಪನನ್ನು ಬಹಳ ಹೊತ್ತು ನೋಡಿ ಎದ್ದು ಹೋದ.

ನಾನು ಶಾಲೆಗೆ ಹಿಂತಿರುಗಿದೆ. ಯುರೋಪಿನ ಮಧ್ಯಯುಗದ ಪಾಠ ಬಂತು. ಕುದುರೆಯೇರಿದ ನೈಟ್‌ಗಳು, ಜಮೀನು ಕೊಟ್ಟ ಒಡೆಯನಿಗೆ ಅವರು ಮಂಡಿಯೂರಿ ಮಾಡುವ ಪ್ರತಿಜ್ಞೆ, ದುರ್ಬಲರನ್ನೂ ಸ್ತ್ರೀಯರನ್ನೂ ಕಾಯುವ ಅವರ ಧರ್ಮ. ನಾನು ಹೇಳುತ್ತ ಹೋದೆ. ನೆಲಕ್ಕೆ ಬದಲು ನೆತ್ತರು, ಅಲ್ಲೂ ಅದೇ ಲೆಕ್ಕ. ಹೊಲ ಉಳುವ ಜನ ದುಡಿದು ಕುದುರೆಗೂ ಕತ್ತಿಗೂ ಹಾಕಬೇಕು, ಕತ್ತಿಯವನು ಅವರನ್ನು ಕಾಯಬೇಕು; ಕಾಯುವವನೇ ಸುಲಿದರೆ ಕೇಳುವವರಿಲ್ಲ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು.

“ಟೀಚರ್, ಅವರು ಸತ್ರ ಅವರ ಹೆಂಡರು ಏನ್ ಮಾಡ್ತಿದ್ರು ರೀ?”

ಪುಸ್ತಕದಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನನಗೆ ತಿಳಿದಷ್ಟು ಹೇಳಿದೆ. ಕೆಲವರು ಮಠ ಸೇರುತ್ತಿದ್ದರು, ಕೆಲವರನ್ನು ಒಡೆಯನು ತನಗೆ ಬೇಕಾದವನಿಗೆ ಕೊಟ್ಟು ಮದುವೆ ಮಾಡಿಸುತ್ತಿದ್ದ, ನೆಲ ಕೈಬಿಡಬಾರದೆಂದು. ಆಕೆ, “ಅವರನ್ನ ಕೇಳ್ತಿರಲಿಲ್ಲೇನ್ರಿ?” ಎಂದಳು. ಗಂಟೆ ಹೊಡೆಯಿತು. ಸ್ಟಾಫ್ ರೂಮಿಗೆ ಹೋಗಿ ಬಾಗಿಲ ಹಿಂದೆ ನಿಂತು ಅತ್ತುಬಿಟ್ಟೆ.

ವರ್ಷದ ತಿಥಿ ಸಮೀಪಿಸಿದಾಗ ಊರವರು ಹೊಸ ವೀರಗಲ್ಲು ನಿಲ್ಲಿಸಲು ಗೊತ್ತುಮಾಡಿದರು. ಹಳೆಯ ಕಲ್ಲಿನ ಪಕ್ಕದಲ್ಲೇ, ಅದೇ ಮಾದರಿಯಲ್ಲಿ. ಕಲ್ಲು ಬಂದ ದಿನ ನಾನೂ ಊರಲ್ಲಿದ್ದೆ. ಟ್ರ್ಯಾಕ್ಟರಿನಿಂದ ಇಳಿಸಿ ಮೇಲಿನ ಗೋಣಿ ತೆಗೆದರು. ಕೆಳಗೆ ಅಲೆಗಳು, ಎಮ್ಮೆಗಳು, ಸೊಂಟಕ್ಕೆ ಹಗ್ಗ ಕಟ್ಟಿದ ನನ್ನ ತಮ್ಮ. ನಡುವೆ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಅವನು ಕೂತಿದ್ದ, ಅವನ ಎಡಕ್ಕೆ ಒಬ್ಬ ಹೆಂಗಸು, ಕೈ ಎತ್ತಿ, ಕೈತುಂಬ ಬಳೆ ತೊಟ್ಟು. ಹಳೆಯ ಕಲ್ಲಿನಲ್ಲಿ ಬರೀ ಕೈ ಇತ್ತು. ಇದರಲ್ಲಿ ಮುಖವೂ ಇತ್ತು. ಗದ್ದದ ಮೇಲಿನ ಗುಳಿ ಕೂಡ ಬಿಟ್ಟಿರಲಿಲ್ಲ.

ತಮ್ಮನ ಹೆಂಡತಿ ಹತ್ತಿರ ಹೋಗಿ ಕಲ್ಲಿನ ಗದ್ದ ಮುಟ್ಟಿದಳು, ಆಮೇಲೆ ತನ್ನ ಗದ್ದ ಮುಟ್ಟಿಕೊಂಡಳು.

“ಇದು ನಾನೇನ್ರಿ?” ಎಂದು ಕಲ್ಲುಕೆಲಸದವನನ್ನು ಕೇಳಿದಳು.

ಅವನಿಗೆ ಆಕೆ ಯಾರೆಂದು ಗೊತ್ತಿರಲಿಲ್ಲ. “ಹಳೇ ಕಲ್ಲಿನ್ಯಾಗ ಹೆಂಡತಿ ಕೈ ಐತಲ್ರಿ ಬಾಯಾರ. ಹಿರಿಯಾರು ಮದುವಿ ಫೋಟೋ ಕೊಟ್ಟು, ಪೂರಾ ಹೆಣ್ಣಮಗಳನ್ನ ಕೆತ್ತು ಅಂದ್ರು” ಎಂದ.

ಆಕೆ ಅಪ್ಪನತ್ತ ತಿರುಗಿದಳು.

“ಮಾವಾರ, ನಾ ಇನ್ನೂ ಜೀವಂತ ಅದೇನಲ್ರಿ.”

“ಸಾಯೋಮಟಾ ಅವನ ಹೆಂಡತಿನ ಅಲ್ಲೇನು ನೀ?” ಅಪ್ಪ ಮೆಲ್ಲಗೆ ಹೇಳಿದ. ಅವನ ದನಿಯಲ್ಲಿ ಗದರಿಕೆ ಇರಲಿಲ್ಲ. “ಇಂಥಾ ಮಾನ ಯಾರಿಗೆ ಸಿಗತೈತಿ, ಮಗಳ? ಊರ ಹೆಣ್ಮಕ್ಕಳು ನಿನಗ ಉಡಿ ತುಂಬ್ತಾರ.”

ಅವನು ಅದನ್ನು ನಂಬಿದ್ದ. ನನಗೆ ಹೆದರಿಕೆಯಾದದ್ದು ಅದಕ್ಕೇ. ಮಗ ಸುಮ್ಮನೆ ಸತ್ತನೆಂದು ಒಪ್ಪಿಕೊಂಡರೆ, ತಾನಾಡಿದ ಆ ಒಂದು ಮಾತಿನೊಂದಿಗೆ ಅಪ್ಪ ಉಳಿದ ದಿನ ಕಳೆಯಬೇಕಿತ್ತು.

ಕಲ್ಲು ನಿಲ್ಲಿಸಿದ ದಿನ ಅಕ್ಕಪಕ್ಕದ ಊರುಗಳ ಜನವೂ ಬಂದರು. ಭಾಷಣಗಳಾದವು. ಆಮೇಲೆ ಹೆಂಗಸರು ಸಾಲುಗಟ್ಟಿ ಕಲ್ಲಿನ ಹೆಂಗಸಿಗೆ ಅರಿಸಿನ ಕುಂಕುಮ ಹಚ್ಚಿ, ಪಕ್ಕದಲ್ಲೇ ಕುರ್ಚಿಯ ಮೇಲೆ ಕೂಡಿಸಿದ್ದ ಆಕೆಯ ಕಾಲಿಗೂ ಎರಗಿದರು. ಒಬ್ಬಾಕೆ ಜ್ವರದ ಕೂಸನ್ನು ತಂದು ಆಕೆಯ ತೊಡೆಯ ಮೇಲಿಟ್ಟು, “ಕೈ ಆಡಸ್ರೆವ್ವಾ” ಎಂದಳು. ಆಕೆ ಕೂಸಿನ ಹಣೆ ಮುಟ್ಟಿ, “ಮೈ ಸುಡಾಕತ್ತೈತಿ, ದವಾಖಾನಿಗೆ ಕರ್ಕೊಂಡ್ ಹೋಗ್ರಿ” ಎಂದಳು. ಆ ತಾಯಿ ನಗುತ್ತ ಕೈಮುಗಿದಳು, ಏಳಲಿಲ್ಲ. ತಮ್ಮನ ಹೆಂಡತಿ ಕೂಸನ್ನು ಅವಳ ಕೈಗೆ ಕೊಟ್ಟು ಎದ್ದು, ಜನರ ನಡುವೆಯೇ ದಾರಿ ಮಾಡಿಕೊಂಡು ಮನೆಗೆ ಹೋದಳು. ನಾನು ಹಿಂದೆಯೇ ಹೋದೆ. ಬಚ್ಚಲಲ್ಲಿ ಕೂತು ಹಣೆ, ಕೆನ್ನೆ, ಕಾಲು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು.

“ಅಕ್ಕಾರ,” ಎಂದಳು ನನಗೆ, “ಇಲ್ಲೇ ಇದ್ರ ನಾ ಖರೇನ ಸಾಯ್ತೇನಿ.”

ಆಕೆಯ ಅಣ್ಣನಿಗೆ ಸಂಕೇಶ್ವರದಲ್ಲಿ ಅಂಗಡಿಯಿತ್ತು. ಅವನಿಗೆ ಪರಿಚಯದ ಒಬ್ಬರು ಅಲ್ಲೇ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದರು, ಹೆಂಡತಿ ತೀರಿಕೊಂಡಿದ್ದಳು. ಮದುವೆಯ ಮಾತು ಬಂತು. ಅಣ್ಣ ನಮ್ಮ ಮನೆಗೆ ಬಂದು ಮರ್ಯಾದೆಯಿಂದಲೇ ಕೇಳಿದ. ಅಪ್ಪ ಊರಿನ ಹಿರಿಯರನ್ನು ಕರೆಸಿದ. ಪಡಸಾಲೆ ತುಂಬಿತು. ಹಿರಿಯರಲ್ಲಿ ಒಬ್ಬರು, “ಕಲ್ಲಿನ್ಯಾಗ ಪೂಜಿ ಮಾಡಿಸಿಕೊಳ್ಳಾಕಿ ಮತ್ತೊಬ್ಬನ ಮನಿ ಹೆಂಗ ತುಂಬ್ತಾಳ? ಊರಿಗೆ ಕೇಡು” ಎಂದರು.

ಆಗ ಒಳಗಿನಿಂದ ನಮ್ಮ ಅತ್ತೆ ಬಂದಳು. ಸೊಂಟ ಬಾಗಿದ, ಬಾಗಿಲು ದಾಟಿ ಮಾತಾಡದ ಮುದುಕಿ. ತಮ್ಮನ ಮುಂದೆ, ಅಂದರೆ ನಮ್ಮಪ್ಪನ ಮುಂದೆ ನಿಂತಳು.

“ಉಡಿಕಿ ನಮ್ಮಾಗ ಹೊಸದೇನೋ? ನಮ್ಮವ್ವ ಮೊದಲಿನ ಗಂಡ ಸತ್ತ ಮ್ಯಾಲೆ ಉಡಿಕಿ ಆಗಿ ಈ ಮನಿಗೆ ಬಂದಾಕಿ. ಆಕಿ ಹೊಟ್ಟ್ಯಾಗ ನೀ ಹುಟ್ಟೀದಿ. ಊರಿಗೆ ಏನ್ ಕೇಡಾತು?”

ನನಗೂ ಆ ಸಂಗತಿ ಗೊತ್ತಿರಲಿಲ್ಲ. ಅಪ್ಪ ನೆಲ ನೋಡುತ್ತ, “ಅದು ಬ್ಯಾರೆ, ಇದು ಬ್ಯಾರೆ” ಎಂದ. ತಮ್ಮನ ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಆ ಗಟ್ಟಿ ದನಿಯನ್ನು ನಾನು ಒಂದು ವರ್ಷದಿಂದ ಕೇಳಿರಲಿಲ್ಲ.

“ಮಾವಾರ, ಅವತ್ತು ನೀವು ಅವರಿಗೆ ಹೋಗಿ ಬಾ ಅಂದ್ರಿ. ಅವರು ಹೋದ್ರು, ಬರಲಿಲ್ಲ. ಈಗ ನನಗೂ ಹೋಗಿ ಬಾ ಅನ್ರಿ. ನಾನೂ ಬರೂದಿಲ್ಲ.”

ಆಕೆ ಒಂದು ಚೀಲ ತೆಗೆದುಕೊಂಡು, ಅತ್ತೆಯ ಕಾಲು ಮುಟ್ಟಿ, ನಡುಮಧ್ಯಾಹ್ನ ಎಲ್ಲರೂ ನೋಡುತ್ತಿರುವಾಗಲೇ ಅಣ್ಣನ ಹಿಂದೆ ನಡೆದುಹೋದಳು. ಬಸ್ ಸ್ಟ್ಯಾಂಡಿನವರೆಗೆ ಕಾಕಾ ಚೀಲ ಹೊತ್ತ.

ಹುಕ್ಕೇರಿ ಕಡೆಯ ಒಂದು ಸಣ್ಣ ಮಠದಲ್ಲಿ ಉಡಿಕೆ ಆಯಿತು. ಸೀರೆ ಉಡಿಸಿ ವಿಭೂತಿ ಹಚ್ಚಿದರು. ಊಟಕ್ಕೆ ಹುಗ್ಗಿ. ಅತ್ತೆಯನ್ನು ಕರೆದುಕೊಂಡು ನಾನು ಹೋಗಿದ್ದೆ. ಗಂಡು ಅಂಜುಬುರುಕರಂತೆ ಕಂಡರು. ಉಗುರಿನ ಸಂದಿಯ ಎಣ್ಣೆಯ ಕಪ್ಪು ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಊಟಕ್ಕೆ ಕೂತಾಗ ಆಕೆಗೆ ಇನ್ನಷ್ಟು ತುಪ್ಪ ಹಾಕಿಸಿದರು. ಆಕೆ ಪೂರ್ತಿ ಉಂಡದ್ದನ್ನು ನಾನು ಬಹಳ ದಿನಗಳ ಮೇಲೆ ನೋಡಿದೆ.

ಮರುವರ್ಷ ಹೊಳೆ ಮತ್ತೆ ಏರಿತು. ಜೀವ ಹೋಗಲಿಲ್ಲ, ಕೆಳಗಿನ ಓಣಿಯ ಕೆಲವು ಗೋಡೆಗಳು ಬಿದ್ದವು. ವೀರನ ಹೆಂಡತಿ ಮಾನಗೆಟ್ಟದ್ದಕ್ಕೇ ಹೊಳೆ ಮುನಿಯಿತು ಎಂದು ಯಾರೋ ಅಂದರು. ಅದು ಮೊಬೈಲಿನಿಂದ ಮೊಬೈಲಿಗೆ ಹೋಯಿತು. ನನ್ನ ತಮ್ಮನ ಹೆಸರಿನಲ್ಲಿ ಊರಿನ ಹುಡುಗರು ಒಂದು ಸಂಘ ಕಟ್ಟಿಕೊಂಡಿದ್ದರು. ಅವತ್ತು ದಂಡೆಯಲ್ಲಿ ಸೀಟಿ ಹೊಡೆದವರೇ. ಹಳ್ಳಿಯ ಮಾನ, ಹೆಣ್ಣಿನ ಮಾನ ಕಾಯುತ್ತೇವೆ ಎಂದು ಅಂಗಿಯ ಮೇಲೆ ಬರೆಸಿಕೊಂಡಿದ್ದರು. ಒಂದು ಸಂಜೆ ಬೈಕುಗಳ ಮೇಲೆ ಸಂಕೇಶ್ವರಕ್ಕೆ ಹೋದರು. ವರ್ಕ್‌ಶಾಪಿನಲ್ಲಿ ಟ್ರ್ಯಾಕ್ಟರಿನ ಕೆಳಗಿದ್ದ ಆಕೆಯ ಹೊಸ ಗಂಡನನ್ನು ಕಾಲು ಹಿಡಿದು ಹೊರಗೆಳೆದು ಹೊಡೆದರು. ಅಲ್ಲೇ ಬಿದ್ದಿದ್ದ ಕಬ್ಬಿಣದ ಸಲಾಕೆಯಿಂದ ಬಲಗೈ ಮುರಿದರು. ಅದನ್ನೂ ವಿಡಿಯೋ ಮಾಡಿಕೊಂಡರು. ಊರಿಗೆ ಬಂದವರೇ ನಮ್ಮ ಮನೆಯ ಮುಂದೆ ಪಟಾಕಿ ಹಚ್ಚಿ, ಅಪ್ಪನಿಗೆ ಆ ವಿಡಿಯೋ ತೋರಿಸಿ, “ನಿಮ್ಮ ಮಗನ ಮಾನ ಉಳಿಸೇವ್ರಿ” ಎಂದರು.

ಅತ್ತೆ ಆಮೇಲೆ ನನಗೆ ಹೇಳಿದ್ದು: ಅಪ್ಪ ಪೂರ್ತಿ ನೋಡಿದ. ಮೊಬೈಲ್ ತಿರುಗಿ ಕೊಟ್ಟ. ಒಳಗೆ ಬಂದು ಪಟಗ ಬಿಚ್ಚಿ ಗೂಟಕ್ಕೆ ಹಾಕಿ, ಗೋಡೆ ಕಡೆ ಮುಖ ಮಾಡಿ ಮಲಗಿದ. ಬೆಳಗಾಗೆದ್ದು ನನಗೆ ಫೋನ್ ಮಾಡಿದ. “ಸಂಕೇಶ್ವರಕ್ಕ ಹೋಗಬೇಕು, ನೀ ಬಾ.”

ದವಾಖಾನೆಯ ಹೊರಗಿನ ಬೇವಿನ ಕಟ್ಟೆಯ ಮೇಲೆ ಅಪ್ಪ ಕೂತುಬಿಟ್ಟ, ಒಳಗೆ ಬರಲೊಲ್ಲ. ನಾನು ಒಳಗೆ ಹೋಗಿ ಹೇಳಿದೆ. ಆಕೆ ಹೊರಗೆ ಬಂದಳು. ಬಸುರಿಯಾಗಿದ್ದಳು, ನನಗೂ ಅದು ಗೊತ್ತಾದದ್ದು ಆಗಲೇ. ಅಪ್ಪ ಎದ್ದು ನಿಂತ.

“ಹೆಂಗೈತವ್ವಾ ಅವರಿಗೆ?”

“ಬಲಗೈ ರೀ. ಇನ್ನ ಮುಂದ ರಿಪೇರಿ ಪಾನಾ ಹಿಡಿಯಾಕ ಬರೂದಿಲ್ಲ ಅಂದಾರ ಡಾಕ್ಟರ್.”

“ಕಲ್ಲಿನ ಮ್ಯಾಲಿನ ನಿನ್ನ ಮೂರ್ತಿ ಒಡಿಸಿಬಿಡ್ತೇನಿ” ಎಂದ ಅಪ್ಪ.

“ಇರ್ಲಿ ಬಿಡ್ರಿ ಮಾವಾರ. ಒಡದ್ರ ಅವರ ಕೈ ತಿರುಗಿ ಬರತೈತೇನು?” ಎಂದಳು. ‘ಮಾವ’ ಎಂದಳಲ್ಲ ಎಂದು ಅಪ್ಪ ಆಮೇಲೆ ತಿರುಗಿ ಬರುವ ಬಸ್ಸಿನಲ್ಲಿ ನನಗೆ ಎರಡು ಸಲ ಹೇಳಿದ. ಆದರೆ ಆಕೆ ಅವನನ್ನು ಒಳಗೆ ಕರೆಯಲಿಲ್ಲ, ನೀರನ್ನೂ ಕೇಳಲಿಲ್ಲ. ಕೇಳಬೇಕಿತ್ತು ಎಂದು ನಾನು ಎಂದೂ ಅಂದುಕೊಂಡಿಲ್ಲ.

ದವಾಖಾನೆಯಿಂದ ಅಪ್ಪ ನೇರ ಪೊಲೀಸ್ ಠಾಣೆಗೆ ನಡೆದ. ಒಬ್ಬೊಬ್ಬ ಹುಡುಗನ ಹೆಸರನ್ನೂ ತಂದೆಯ ಹೆಸರನ್ನೂ ಹೇಳಿದ. ಅವರಲ್ಲಿ ನನ್ನ ತಮ್ಮನ ಹೆಣಕ್ಕೆ ಹೆಗಲು ಕೊಟ್ಟವರಿದ್ದರು, ಅಪ್ಪನ ತೊಡೆಯ ಮೇಲೆ ಆಡಿ ಬೆಳೆದವರಿದ್ದರು. ಪೊಲೀಸಿನವರು, “ಊರಾಗ ಇರಬೇಕಲ್ಲೋ ಯಜಮಾನಾ, ವಿಚಾರ ಮಾಡು” ಎಂದರು. “ಬರ್ಕೋರಿ” ಎಂದ ಅಪ್ಪ.

ಊರು ಅವನನ್ನು ಕ್ಷಮಿಸಲಿಲ್ಲ. ಮೊದಲ ವೀಳ್ಯ ನಿಂತಿತು. ಹೊಲಕ್ಕೆ ಆಳು ಬರುವುದಿಲ್ಲ, ಅರಿಸಿನ ಬೇಯಿಸಲು ಕಡಾಯಿ ಕೊಡುವವರಿಲ್ಲ. ಕಾಕಾನ ಮನೆಯವರು ಬಂದು ಅರಿಸಿನ ಅಗೆದುಕೊಟ್ಟರು. ಅದಕ್ಕೆ ಅವರ ಬಾಗಿಲಿಗೂ ಕಲ್ಲು ಬಿತ್ತು. ಹೊಸ ವೀರಗಲ್ಲಿಗೆ ಹುಡುಗರು ಈಗ ಕಬ್ಬಿಣದ ಬೇಲಿ ಹಾಕಿದ್ದಾರೆ, ಬೀಗವೂ ಇದೆ. ಬೀಗದ ಕೈ ನಮ್ಮ ಹತ್ತಿರ ಇಲ್ಲ.

ಹುಕ್ಕೇರಿಯ ಕೋರ್ಟಿನಲ್ಲಿ ಪ್ರಕರಣ ನಡೆಯುತ್ತಿದೆ. ತಾರೀಖು ಇದ್ದಾಗಲೆಲ್ಲ ನಾನು ರಜೆ ಹಾಕಿ ಅಪ್ಪನನ್ನು ಕರೆದೊಯ್ಯುತ್ತೇನೆ. ಕೋರ್ಟಿನ ಪಡಸಾಲೆಯ ಬೆಂಚಿನ ಒಂದು ತುದಿಗೆ ನಾವು, ಇನ್ನೊಂದು ತುದಿಗೆ ಆಕೆ, ಆಕೆಯ ಗಂಡ, ಕಂಕುಳಲ್ಲಿ ಹೆಣ್ಣುಕೂಸು. ಜಾಮೀನಿನ ಮೇಲಿರುವ ಹುಡುಗರು ಎದುರಿಗೆ ನಿಂತು ಅಪ್ಪನನ್ನು ದಿಟ್ಟಿಸುತ್ತಾರೆ. ಕಳೆದ ಸಲ ಅವರಲ್ಲೊಬ್ಬ ಹಾದುಹೋಗುತ್ತ ಅಪ್ಪನ ಚಪ್ಪಲಿಯ ಮುಂದೆ ಉಗುಳಿದ. ಅಪ್ಪ ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಹೆಸರು ಕೂಗಿದರು. ಎಲ್ಲರೂ ಎದ್ದು ಒಳಗೆ ಹೋದೆವು. ಅವತ್ತು ಸರಕಾರಿ ವಕೀಲರು ಬಂದಿರಲಿಲ್ಲ. ಮುಂದಿನ ತಾರೀಖು ಕೊಟ್ಟರು.